ಬೋರ್ ನೀರಿನ ಹಲ್ಲು

ಅವನು ಮೊದಲ ಸಲ ನನ್ನ ದವಾಖಾನೆಗೆ ಬಂದಾಗ ಬಾಯಿ ತೆರೆಯಲೇ ಇಲ್ಲ. ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಗಿಹಿಡಿದು ಕೂರುವವರು ನನಗೆ ಹೊಸಬರಲ್ಲ. ಹೆದರಿ ಹಾಗೆ ಕೂರುವವರನ್ನು ದಿನಾ ನೋಡುತ್ತೇನೆ. ಇವನದು ಹೆದರಿಕೆಯಾಗಿರಲಿಲ್ಲ. ಮಾತಾಡುವಾಗಲೂ ಮೇಲ್ದುಟಿಯನ್ನು ಕೆಳಕ್ಕೆ ಎಳೆದುಕೊಂಡೇ ಮಾತಾಡುತ್ತಿದ್ದ. ಕೊಟ್ಟೂರಿನಲ್ಲಿ ಒಂದೇ ಕುರ್ಚಿಯ ದವಾಖಾನೆ ಇಟ್ಟುಕೊಂಡು ಕೂತವಳು ನಾನು. ಆ ತುಟಿ ನೋಡಿದ ಕೂಡಲೇ ಒಳಗೆ ಏನಿದೆ ಅಂತ ಅಂದಾಜು ಸಿಕ್ಕಿತು.

"ಏನಾಗೈತಿ ತಮ್ಮಾ?" ಅಂದೆ.

"ಬೆಳ್ಳಗ ಮಾಡ್ಬೇಕ್ರಿ ಮೇಡಂ," ಅಂದ. ಅಂದವನು ಮತ್ತೆ ತುಟಿ ಮುಚ್ಚಿಕೊಂಡ.

ಕೂಡ್ಲಿಗಿ ಕಡೆಯ ಹಳ್ಳಿಯವನು. ಮನೆಯಲ್ಲಿ ಕುರಿ ಸಾಕುತ್ತಾರೆ, ಇವನು ಗೂಡ್ಸ್ ಗಾಡಿ ಓಡಿಸುತ್ತಾನೆ. ಹಡಗಲಿಯಲ್ಲಿ ಬೆಳಗಿನ ಜಾವ ಮಲ್ಲಿಗೆ ಬುಟ್ಟಿ ಏರಿಸಿಕೊಂಡು ಹರಪನಹಳ್ಳಿಗೆ, ಕೆಲವೊಮ್ಮೆ ಮುಂದಕ್ಕೆ ದಾವಣಗೆರೆಗೆ ಹೋಗುತ್ತಾನೆ. ಹರಪನಹಳ್ಳಿ ಕಡೆಯ ಹಲವಾಗಲಿನ ಹತ್ತಿರ ಹೊಳೆ ದಂಡೆಯ ಒಂದು ಮನೆಯ ಹುಡುಗಿಯನ್ನು ಗೊತ್ತುಮಾಡಿದ್ದರು. ಹೆಣ್ಣು ನೋಡಲು ಹೋದ ದಿನ ಎಲ್ಲ ಚೆನ್ನಾಗಿ ನಡೆದಿತ್ತು. ಚಹಾ ಕುಡಿಯಲು ಇವನು ಬಾಯಿ ತೆರೆದಾಗ ಹುಡುಗಿಯ ಅಜ್ಜಿ ಪಕ್ಕದವರಿಗೆ, "ಹುಡುಗ ಚಲೋ ಅದಾನೆ, ಆದ್ರೆ ಬೋರ್ ನೀರಿನ ಹಲ್ಲು ನೋಡ್ರಿ," ಅಂದಳಂತೆ. ಮುದುಕಿಗೆ ಕಿವಿ ಮಂದ, ಹಾಗಾಗಿ ಪಿಸುಮಾತು ಅಂದುಕೊಂಡು ಆಡಿದ್ದು ಪಡಸಾಲೆಗೆಲ್ಲ ಕೇಳಿತು.

ನಮ್ಮ ಕಡೆ ಇದು ಹೊಸ ಮಾತಲ್ಲ. ಹೊಳೆ ನೀರು ಕುಡಿದು ಬೆಳೆದವರು, ಬೋರ್ ನೀರು ಕುಡಿದು ಬೆಳೆದವರು ಅಂತ ಹಲ್ಲು ನೋಡಿಯೇ ಹೇಳುತ್ತಾರೆ. ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಗುವಿನ ದವಡೆಯೊಳಗೆ ಹಲ್ಲು ಇನ್ನೂ ಕಟ್ಟಿಕೊಳ್ಳುತ್ತಿರುವಾಗ ಆ ನೀರು ಹೊಟ್ಟೆಗೆ ಹೋದರೆ ಹಲ್ಲಿನ ಮೇಲ್ಪದರ, ಅಂದರೆ ಎನಾಮೆಲ್, ಸರಿಯಾಗಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿಸಿಕೊಂಡೇ ಹುಟ್ಟುತ್ತದೆ. ಆಮೇಲೆ ಚಹಾ, ಖಾರ, ಅರಿಶಿನ ಎಲ್ಲವೂ ಆ ರಂಧ್ರದಲ್ಲಿ ಮನೆ ಮಾಡುತ್ತವೆ. ಅವನ ತುಟಿ ಎತ್ತಿ ನೋಡಿದೆ. ಮುಂದಿನ ಹಲ್ಲುಗಳ ಮೇಲೆ ಬಿಳಿ ಮಚ್ಚೆಗಳು, ನಡುವೆ ಅಡ್ಡಡ್ಡ ಕಂದು ಗೆರೆ. ಹುಳುಕು ಒಂದೂ ಇಲ್ಲ, ವಸಡು ಗಟ್ಟಿ. ಆ ಹಲ್ಲಿನಲ್ಲಿ ಅವನು ಕಬ್ಬು ಸಿಗಿದು ತಿನ್ನಬಹುದಿತ್ತು.

"ಎಂಗೇಜ್‌ಮೆಂಟಿನ್ಯಾಗ ಒಡಪು ಹೇಳ್ಬೇಕ್ರಿ," ಅಂದ. ಹುಡುಗಿಯ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಎಲ್ಲರೆದುರು ಗಟ್ಟಿಯಾಗಿ ಹೇಳುವುದು ನಮ್ಮಲ್ಲಿ ಶಾಸ್ತ್ರ. "ಎಲ್ಲಾರೂ ಮೊಬೈಲ್ ಹಿಡ್ಕಂಡು ನನ್ನ ಬಾಯಿ ಮುಂದಽ ನಿಂತಿರ್ತಾರ. ಆ ಮುದುಕಿ ಮತ್ತೇನಾರ ಅಂದ್ರ, ಲಗ್ನ ಮುರಿದ್ರೂ ಮುರೀಲಿ ಅಂತ ಎದ್ದು ಬಂದುಬಿಡ್ತೀನ್ರಿ."

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇಂಥ ಹಲ್ಲಿಗೆ ಬಿಳಿ ಮಾಡುವ ಔಷಧಿ ಹಾಕಿದರೆ ಮೊದಮೊದಲು ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು. ಹಲ್ಲು ಕೆಲವು ದಿನ ಜುಮ್ಮೆನ್ನುತ್ತದೆ. ಅವತ್ತು ಕಂಡ ಬಿಳುಪೆಲ್ಲ ಉಳಿಯುವುದಿಲ್ಲ, ಸ್ವಲ್ಪ ಹಿಂದಕ್ಕೆ ಬರುತ್ತದೆ. ಕಂದು ಗೆರೆ ತಿಳಿಯಾಗುತ್ತದೆಯೇ ಹೊರತು ಪೂರ್ತಿ ಹೋಗುತ್ತದೆ ಅಂತ ಭಾಷೆ ಕೊಡಲಾರೆ. ಎಲ್ಲದಕ್ಕೂ ಅವನು "ಹ್ಞೂಂರಿ, ಹ್ಞೂಂರಿ" ಅಂದ. ಮದುವೆ ಗೊತ್ತಾದ ಹುಡುಗನ ಕಿವಿಗೆ ಇಂಥ ಮಾತು ಎಷ್ಟು ಇಳಿಯುತ್ತದೋ ಅಷ್ಟು ಇಳಿದಿತ್ತು.

ಈ ಕೆಲಸಕ್ಕೆ ನಾಲ್ಕು ಕೈ ಬೇಕು. ನನ್ನ ಸಹಾಯಕಿ ಮದುವೆಯಾಗಿ ಹರಿಹರಕ್ಕೆ ಹೋದಮೇಲೆ ನನಗೆ ಉಳಿದದ್ದು ಎರಡೇ. ಮೊದಲು ಹಲ್ಲನ್ನು ಪುಡಿಯಿಂದ ತಿಕ್ಕಿ ಸ್ವಚ್ಛ ಮಾಡಿದೆ. ಬಣ್ಣದ ಮಾದರಿ ಹಲ್ಲುಗಳನ್ನು ಅವನ ಹಲ್ಲಿನ ಪಕ್ಕ ಹಿಡಿದು ಈಗಿನ ಬಣ್ಣ ಗುರುತಿಸಿದೆ. ಕೆನ್ನೆ ತುಟಿಗಳನ್ನು ದೂರ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು ಕೂರಿಸಿ, ವಸಡಿನ ಅಂಚಿಗೆಲ್ಲ ರಬ್ಬರಿನಂಥ ಲೇಪ ಹಚ್ಚಿ ದೀಪ ಹಿಡಿದು ಗಟ್ಟಿ ಮಾಡಿದೆ. ಒಂದು ಕಡೆ ಸಂದಿ ಬಿಟ್ಟರೂ ಔಷಧಿ ವಸಡು ಸುಡುತ್ತದೆ. ಆಮೇಲೆ ಪೆರಾಕ್ಸೈಡ್ ಜೆಲ್. ಅದರಿಂದ ಬಿಡುಗಡೆಯಾಗುವ ಆಮ್ಲಜನಕ ಎನಾಮೆಲ್ ದಾಟಿ ಒಳಗಿನ ಪದರಕ್ಕೆ ಇಳಿದು ಅಲ್ಲಿ ಕೂತ ಕಲೆಯನ್ನು ಒಡೆಯುತ್ತದೆ. ಹಚ್ಚುವುದು, ಕಾಯುವುದು, ಹೀರಿ ತೆಗೆಯುವುದು, ಮತ್ತೆ ಹಚ್ಚುವುದು. ಎಡಗೈಯಲ್ಲಿ ಹೀರುವ ನಳಿಕೆ, ಬಲಗೈಯಲ್ಲಿ ಬ್ರಷ್ಷು, ಮೊಣಕೈಯಿಂದ ದೀಪ ಸರಿಸುವುದು.

ಕಾಯುವ ಹೊತ್ತಿನಲ್ಲಿ ನಾನು ಮಾತಾಡುತ್ತೇನೆ. ಅದು ನನ್ನ ಚಟ. ಮಲ್ಲಿಗೆ ದರ, ಹಗರಿಬೊಮ್ಮನಹಳ್ಳಿ ರಸ್ತೆಯ ಗುಂಡಿ, ನಮ್ಮ ಓಣಿಯಲ್ಲಿ ನಾಯಿ ಮರಿ ಹಾಕಿದ್ದು. ಊಟ ಆಯ್ತಾ ಅಂದರೆ ಬಾಯಿ ತೆರೆದು ಕೂತವರು "ಆಂ" ಅನ್ನುತ್ತಾರೆ, ನೋವೈತಾ ಅಂದರೂ "ಆಂ". ದಿನವಿಡೀ ಜನರ ನಡುವೆ ಇದ್ದರೂ ನನಗೆ ಯಾರೂ ಉತ್ತರ ಕೊಡುವುದಿಲ್ಲ. ಸಂಜೆ ಬಾಗಿಲು ಹಾಕಿ ಹಿಂದಿನ ಕೋಣೆಗೆ ಹೋದರೆ ಅಲ್ಲಿ ಕುಕ್ಕರ್ ಒಂದೇ ಸದ್ದು ಮಾಡುವುದು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳುವವರೂ ಈಗ ಕೇಳುವುದು ಬಿಟ್ಟಿದ್ದಾರೆ. ಕೇಳುತ್ತಿದ್ದಾಗ ಸಿಟ್ಟು ಬರುತ್ತಿತ್ತು, ಬಿಟ್ಟಮೇಲೆ ಬೇಜಾರಾಯಿತು.

ಕೆಲಸ ಮುಗಿಸಿ ಕನ್ನಡಿ ಕೊಟ್ಟೆ. ಅವನು ಬಹಳ ಹೊತ್ತು ನೋಡಿಕೊಂಡ. ಹಲ್ಲು ನಿಜಕ್ಕೂ ಬೆಳ್ಳಗಾಗಿತ್ತು. "ಮುದುಕಿಗೆ ಈಗ ತೋರಿಸ್ತೀನಿ," ಅಂದ. ಇದರಲ್ಲಿ ಅರ್ಧ ಬಿಳುಪು ಹಲ್ಲು ಒಣಗಿದ್ದರಿಂದ ಬಂದದ್ದು, ಜೊಲ್ಲು ತಾಗಿ ಹಲ್ಲು ಮತ್ತೆ ನೀರು ಕುಡಿದಾಗ ಇಳಿಯುತ್ತದೆ ಅಂತ ಇನ್ನೊಮ್ಮೆ ಹೇಳಿದೆ. ಚಹಾ, ಖಾರ, ಹುಳಿ, ಎಲೆ-ಅಡಿಕೆ ಕೆಲವು ದಿನ ಬೇಡ, ಮೊಸರನ್ನ ಉಣ್ಣು ಅಂದೆ. ಔಷಧಿ ತಾಗಿದ ಎನಾಮೆಲ್ ಸ್ವಲ್ಪ ಮೆತ್ತಗಾಗಿರುತ್ತದೆ. ಜೊಲ್ಲಿನಲ್ಲಿರುವ ಖನಿಜಗಳೇ ಅದನ್ನು ಮೆಲ್ಲಗೆ ಗಟ್ಟಿ ಮಾಡುತ್ತವೆ. ಅಲ್ಲಿಯವರೆಗೆ ಹುಳಿ ಕಂಡರೆ ಅದಕ್ಕೆ ಆಗುವುದಿಲ್ಲ.

ಮಾರನೆಯ ದಿನದಿಂದಲೇ ಫೋನು ಶುರುವಾಯಿತು. ಬೆಳಗಿನ ಜಾವ ಗಾಡಿ ಓಡಿಸುವಾಗ ಗಾಳಿ ಹೊಡೆದರೆ ಹಲ್ಲು ಜುಮ್ ಅಂತ ನೆತ್ತಿಗೇರುತ್ತದೆ ಅಂದ. ಮುಖಕ್ಕೆ ಟವೆಲ್ ಸುತ್ತಿಕೋ, ಕೊಟ್ಟ ಪೇಸ್ಟ್ ಹಚ್ಚು, ಇಳಿಯುತ್ತದೆ ಅಂದೆ. ಜುಮ್ಮೆನ್ನುವುದು ಇಳಿಯಿತು, ಅದರ ಹಿಂದೆಯೇ ಬಣ್ಣವೂ ಇಳಿಯಿತು. ಬಿಳಿ ಮಚ್ಚೆಗಳು ಹಾಗೇ ಇದ್ದವು, ಸುತ್ತಲಿನ ಹಲ್ಲು ಮಾತ್ರ ಮಂಕಾಯಿತು. "ಮೇಡಂ, ಮೊದ್ಲಿಗಿಂತ ಕೆಟ್ಟದಾಗೈತಿ," ಅಂತ ಕೂಗಾಡಿದ. ಕಾಯಿ, ಸಮ ಆಗುತ್ತದೆ ಅಂದೆ. ಆಮೇಲೆ ಫೋನು ಬರಲಿಲ್ಲ. ಫೋನು ಬರದಿದ್ದರೆ ರೋಗಿ ಸುಧಾರಿಸಿದ ಅಂತ ತಿಳಿದುಕೊಳ್ಳುವುದು ನಮ್ಮ ವೃತ್ತಿಯವರ ಒಂದು ಸಮಾಧಾನ.

ಸುಧಾರಿಸಿರಲಿಲ್ಲ. ಒಂದು ಮಧ್ಯಾಹ್ನ ಅವನ ದೊಡ್ಡವ್ವ ಅವನ ರಟ್ಟೆ ಹಿಡಿದು ಕರೆತಂದಳು. ತಾಯಿ ಇಲ್ಲದ ಅವನನ್ನು ಸಾಕಿದವಳು ಆಕೆ. ಅವನು ಬಾಯಿಗೆ ಟವೆಲ್ ಒತ್ತಿಕೊಂಡಿದ್ದ. ಕುರ್ಚಿಗೆ ಕೂರಿಸಿ ದೀಪ ಹಾಕಿದೆ. ಹಲ್ಲಿನ ಮೇಲಿನ ಹೊಳಪೆಲ್ಲ ಹೋಗಿತ್ತು. ಮುಂದಿನ ಹಲ್ಲುಗಳು ಸ್ಲೇಟಿನ ಬಳಪದ ಹಾಗೆ ಮಂಕಾಗಿ, ಉಗುರು ಸವರಿದರೆ ತರಿತರಿ ತಾಗುತ್ತಿತ್ತು. ವಸಡಿನ ಅಂಚು ಕೆಂಪಗೆ ಹಸಿಯಾಗಿತ್ತು. ಗಾಳಿಯ ಪಿಚಕಾರಿ ಹತ್ತಿರ ತಂದೆ, ಇನ್ನೂ ಊದಿರಲಿಲ್ಲ, ಅವನು ಕುರ್ಚಿಯಿಂದ ಅರ್ಧ ಎದ್ದ.

"ಏನ್ ಹಚ್ಚೀರಿ ಇದಕ್ಕ?" ಅಂತ ದೊಡ್ಡವ್ವನನ್ನು ಕೇಳಿದೆ.

"ಏನಿಲ್ಲ ಡಾಕ್ಟ್ರಮ್ಮ. ಹುಣಸಿಹಣ್ಣು ಕಲಸಿ, ಒಲಿ ಬೂದಿ ಹಾಕಿ ತಿಕ್ಕೀನಿ ಅಷ್ಟಽ. ತಾಮ್ರದ ಕೊಡ ಹಂಗ ತಿಕ್ಕಿದ್ರ ಫಳಫಳ ಅಂತೈತಿ. ಹಲ್ಲು ಯಾಕ ಅನ್ನವಲ್ದು?"

"ಎಷ್ಟು ಸಾರಿ ತಿಕ್ಕಿದ್ರಿ?"

"ದಿನಾ ಮುಂಜಾಲೆ ತಿಕ್ಕೀನಿ. ಅಂವ ಉರಿ ಅಂತ ಒದರಿದ. ಬೆಳ್ಳಗಾಗೋ ಮುಂದ ಉರಿಯೋದಽ ಅಂದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆಯ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಕೊಡ ಮಂಕಾದರೆ ಹುಳಿ ಹಾಕಿ ತಿಕ್ಕುತ್ತಾರೆ, ಹೊಸ ತಾಮ್ರ ಒಳಗಿನಿಂದ ಬರುತ್ತದೆ. ಹಲ್ಲಿನ ಒಳಗಿನಿಂದ ಹೊಸ ಎನಾಮೆಲ್ ಬರುವುದಿಲ್ಲ. ಔಷಧಿ ತಾಗಿ ಮೆತ್ತಗಾದ ಪದರದ ಮೇಲೆ ಹುಳಿ ಕೂತು ಇನ್ನಷ್ಟು ಕರಗಿಸಿದೆ, ಕರಗಿದ್ದನ್ನು ಬೂದಿ ಕೆರೆದು ತೆಗೆದಿದೆ. ಸವೆದು ಹೋದದ್ದು ಹೋಯಿತು, ಅದು ಯಾವ ಡಾಕ್ಟರ ಕೈಯಲ್ಲೂ ಮರಳಿ ಬರುವುದಿಲ್ಲ. ಮೆತ್ತಗಾಗಿ ಇನ್ನೂ ಉಳಿದುಕೊಂಡಿರುವುದನ್ನು ಮಾತ್ರ ಗಟ್ಟಿ ಮಾಡಬಹುದು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಅವತ್ತೇ ಹೇಳುವ ಹಾಗಿರಲಿಲ್ಲ.

ಅವನಿಗೆ ಇದಾವುದೂ ಬೇಕಿರಲಿಲ್ಲ. "ಇನ್ನೊಂದು ಸಾರಿ ಬೆಳ್ಳಗ ಮಾಡಿಬಿಡ್ರಿ ಮೇಡಂ. ಉರಿ ತಡಕೊಂತೀನಿ," ಅಂದ.

"ಆಗಲ್ಲ."

"ದಾವಣಗೆರಿಯಾಗ ಒಂದಽ ದಿನದಾಗ ಮಾಡ್ತಾರಂತ. ಅಲ್ಲಿ ಹೊಕ್ಕೀನಿ ಹಂಗಾರ."

"ಒಂದೀಟು ಕುಂದ್ರು," ಅಂತ ಹೇಳಿ ಹಿಂದಿನ ಕೋಣೆಗೆ ಹೋಗಿ ನನ್ನ ಜೊತೆ ಓದಿದವಳಿಗೆ ಫೋನ್ ಮಾಡಿದೆ. ಆಕೆ ದೊಡ್ಡ ಊರಿನಲ್ಲಿ ದೊಡ್ಡ ದವಾಖಾನೆ ನಡೆಸುತ್ತಾಳೆ. ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿತ್ತು. ಇನ್ನೊಬ್ಬರು ಹೌದು ಅನ್ನಲಿ ಅಂತ ಅಷ್ಟೇ ಬೇಕಿತ್ತು. ಆಕೆ, "ಸ್ವಲ್ಪ ತಿಳಿ ಔಷಧಿ ಹಾಕಿ ಕಳಿಸು ಮಾರಾಯ್ತಿ, ನೀನು ಮಾಡದಿದ್ದರೆ ಇನ್ಯಾರೋ ಮಾಡ್ತಾರೆ," ಅಂದಳು. ಹಿಂದೆ ಯಾರೋ ಕರೆದರು, ಆಮೇಲೆ ಮಾಡುತ್ತೇನೆ ಅಂತ ಇಟ್ಟಳು. ಮಾಡಲಿಲ್ಲ. ಒಬ್ಬರೇ ಕೆಲಸ ಮಾಡುವವರಿಗೆ ಇದಕ್ಕಿಂತ ಕಷ್ಟ ಇನ್ನೊಂದಿಲ್ಲ. ತಪ್ಪು ಮಾಡಿದರೂ ಸರಿ ಮಾಡಿದರೂ ಹೇಳುವವರು ಪಕ್ಕದಲ್ಲಿರುವುದಿಲ್ಲ.

ಹೊರಗೆ ಬಂದು ಹೇಳಿದೆ: "ಬೆಳ್ಳಗ ಮಾಡೋದು ಇವತ್ತಿಗೆ ಬಂದ್. ಮೊದ್ಲು ಹಲ್ಲು ಉಳಿಸಿಕೊಳ್ಳೋಣು. ಹಾಲಿನ ಸಾರದಿಂದ ಮಾಡಿದ್ದೊಂದು ಕ್ರೀಮ್ ಕೊಡ್ತೀನಿ, ಮಲಗೋ ಮುಂದ ಹಚ್ಚು. ಹಾಲು ನಿನಗ ಆಗಿಬರ್ತೈತಿಲ್ಲ?"

"ಕುರಿಹಾಲು ಕುಡ್ದು ಬೆಳದಂವ ಅದಾನ," ಅಂತ ದೊಡ್ಡವ್ವ ಉತ್ತರ ಕೊಟ್ಟಳು.

"ಇವತ್ತು ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಿ ಕಳಸ್ತೀನಿ."

ಫ್ಲೋರೈಡ್ ಅಂದದ್ದೇ ತಡ, ಅವನು ಕುರ್ಚಿಯಿಂದ ಇಳಿದುಬಿಟ್ಟ. ಕಣ್ಣಲ್ಲಿ ನೀರಿತ್ತು, ಸಿಟ್ಟಿಗೋ ಉರಿಗೋ ಗೊತ್ತಾಗಲಿಲ್ಲ. "ನಮ್ಮೂರ ಬೋರಿಗೆ ಕೆಂಪು ಬಣ್ಣ ಬಳದು ಹೋಗ್ಯಾರ್ರಿ. ಗ್ವಾಡಿ ಮ್ಯಾಲ ಇಷ್ಟು ದೊಡ್ಡ ಅಕ್ಷರದಾಗ ಬರದಾರ, ಫ್ಲೋರೈಡ್ ನೀರು ಕುಡಿಬ್ಯಾಡ್ರಿ ಅಂತ. ಸಾಲಿಯಾಗ ಮಾಸ್ತರೂ ಅದನ್ನಽ ಹೇಳಿದ್ರು. ನನ್ನ ಬಾಯಿ ಕೆಡಿಸಿದ್ದಽ ಅದು. ನೀವು ಅದನ್ನಽ ತಂದು ಹಲ್ಲಿಗೆ ಬಳೀತೀನಿ ಅಂತೀರಲ್ಲ!"

ಇದಕ್ಕೆ ಉತ್ತರ ಪುಸ್ತಕದಲ್ಲಿ ಇದೆ; ಬೇರೆ ಊರಿನವರಿಗೆ ಅದು ಸಾಕು. ಬೋರಿನ ಮೇಲೆ ಕೆಂಪು ಬಣ್ಣ ನೋಡಿಕೊಂಡು ಬೆಳೆದವನಿಗೆ ಸಾಕಾಗುವುದಿಲ್ಲ. ಆದರೂ ಹೇಳಿದೆ. ಹಲ್ಲು ಕಟ್ಟುವ ವಯಸ್ಸಿನಲ್ಲಿ ಹೊಟ್ಟೆಗೆ ಹೋದರೆ ಅದು ಕೆಡಿಸುತ್ತದೆ. ಕಟ್ಟಿ ಮುಗಿದ ಹಲ್ಲಿನ ಮೇಲೆ ಹೊರಗಿನಿಂದ ಹಚ್ಚಿದರೆ, ಕರಗಿದ ಜಾಗದಲ್ಲಿ ಖನಿಜ ಮತ್ತೆ ಕೂರಲು ನೆರವಾಗುತ್ತದೆ. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ದೊಡ್ಡವ್ವ ನನ್ನನ್ನು ಒಂದು ಥರಾ ನೋಡಿದಳು.

"ಮೊದ್ಲು ನಿಮ್ಮ ಹಲ್ಲಿಗೆ ಹಚ್ಕೊಂಡು ತೋರಿಸ್ರಿ," ಅಂದ ಅವನು. ನಾನು ಹಿಂದೆ ಸರಿಯುತ್ತೇನೆ ಅಂತ ತಿಳಿದು ಆಡಿದ ಮಾತು ಅದು.

ಮಾಸ್ಕ್ ತೆಗೆದೆ. ನನ್ನದೇ ರೋಗಿಯ ಕುರ್ಚಿಯಲ್ಲಿ ಹೋಗಿ ಕೂತೆ. ಕೂತ ಮೇಲೆ ಆ ದೀಪ ಎಷ್ಟು ಕಣ್ಣು ಕುಕ್ಕುತ್ತದೆ ಅಂತ ಗೊತ್ತಾಯಿತು. ದೊಡ್ಡವ್ವನ ಕೈಗೆ ಕನ್ನಡಿ ಕೊಟ್ಟು, ಹತ್ತಿಯಿಂದ ಹಲ್ಲು ಒರೆಸಿಕೊಂಡು, ಸಣ್ಣ ಬ್ರಷ್ಷಿನಿಂದ ವಾರ್ನಿಶ್ ಬಳಿದುಕೊಂಡೆ. ಅದು ಹಳದಿ ಬಣ್ಣದ, ಅಂಟಂಟಾದ ಪದಾರ್ಥ. ಅವರಿಬ್ಬರೂ ಬಗ್ಗಿ ನನ್ನ ಬಾಯೊಳಗೆ ನೋಡುತ್ತಿದ್ದರು. ನಾನು ಸಾವಿರಾರು ಬಾಯಿ ನೋಡಿದವಳು, ನನ್ನ ಬಾಯಿಗೆ ಯಾರಾದರೂ ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಯಿತೋ.

"ಅಯ್ಯ ಡಾಕ್ಟ್ರಮ್ಮ," ಅಂದಳು ದೊಡ್ಡವ್ವ, "ನಿಮ್ಮ ದವಡಿ ಹಲ್ಲು ಒಂದು ಹುಳುಕಾಗೈತಲ್ರಿ!"

ಆಗಿತ್ತು. ನನಗೂ ಗೊತ್ತಿತ್ತು. ನನ್ನ ಹಲ್ಲಿಗೆ ನಾನೇ ಸಿಮೆಂಟ್ ತುಂಬಿಕೊಳ್ಳಲು ಬರುವುದಿಲ್ಲ, ಬೇರೆಯವರ ಬಳಿ ಹೋಗಬೇಕು. ನಾಳೆ ಹೋದರಾಯಿತು ಅಂತ ಮುಂದೂಡುತ್ತಾ ಬಂದಿದ್ದೆ. ಉತ್ತರ ಕೊಡಬೇಕೆಂದರೆ ಬಾಯಿ ತುಂಬ ವಾರ್ನಿಶ್. "ಆಂ," ಅಂದೆ. ಅದಕ್ಕೆ ಹುಡುಗ ಮೂಗಿನಲ್ಲೇ ಒಂದಿಷ್ಟು ನಕ್ಕ. ತುಟಿ ಮಾತ್ರ ಬಿಡಲಿಲ್ಲ. ಆಮೇಲೆ ಸುಮ್ಮನೆ ಬಂದು ಕುರ್ಚಿಯಲ್ಲಿ ಕೂತ.

ಬೆಳ್ಳಗೆ ಮಾಡಿಸಿಕೊಳ್ಳಲು ಬಂದವನು ಹಳದಿ ಹಲ್ಲು ಮಾಡಿಕೊಂಡು ಹೋದ. ನಾಳೆ ತಿಕ್ಕಿದರೆ ಆ ಬಣ್ಣ ಹೋಗುತ್ತದೆ, ಇವತ್ತು ಬ್ರಷ್ ಮುಟ್ಟಬೇಡ, ಗಟ್ಟಿಯಾದದ್ದು ಬಿಸಿಯಾದದ್ದು ತಿನ್ನಬೇಡ ಅಂದಿದ್ದೆ. ನನಗೂ ಅದೇ ಪಥ್ಯ. ಅವತ್ತು ತಣ್ಣನೆ ಮೊಸರನ್ನ ಉಣ್ಣುತ್ತಾ, ಕೂಡ್ಲಿಗಿ ಕಡೆಯ ಒಂದು ಮನೆಯಲ್ಲಿ ಇನ್ನೊಬ್ಬನೂ ಹೀಗೇ ಉಣ್ಣುತ್ತಿದ್ದಾನೆ ಅಂತ ನೆನೆದು ಯಾಕೋ ಹಿತವಾಯಿತು. ಒಂದೇ ಊಟವನ್ನು ಇನ್ನೊಬ್ಬರ ಜೊತೆ ಉಂಡು ಬಹಳ ದಿನಗಳಾಗಿದ್ದವು.

ಆಮೇಲಿನದು ಕಾಯುವ ಕೆಲಸ. ಅವನು ಹೂವಿನ ಬುಟ್ಟಿ ಇಳಿಸಿ ವಾಪಸ್ಸು ಹೋಗುವಾಗ ಆಗಾಗ ಬರುತ್ತಿದ್ದ. ನಾನು ಹಲ್ಲು ಒಣಗಿಸಿ, ದೀಪ ಓರೆ ಮಾಡಿ ಹೊಳಪು ನೋಡುತ್ತಿದ್ದೆ. ಮೊದಲು ವಸಡು ಮಾಗಿತು. ಆಮೇಲೆ ತಣ್ಣೀರು ಮುಕ್ಕಳಿಸಿದರೆ ಮುಖ ಕಿವುಚುವುದು ಕಡಿಮೆಯಾಯಿತು. ಎನಾಮೆಲ್ ಗಟ್ಟಿಯಾಗುವುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ನಿನ್ನೆ ಒರಟಾಗಿದ್ದ ಜಾಗದಲ್ಲಿ ಇವತ್ತು ಹಲ್ಲು ತಡವುವ ಸಣ್ಣ ಸಲಾಕೆ ಸ್ವಲ್ಪ ಸಲೀಸಾಗಿ ಜಾರುತ್ತದೆ, ಅಷ್ಟೇ. ಬಾಯಿಯ ಜೊಲ್ಲು ಯಾರಿಗೂ ಹೇಳದೆ ಕೆಲಸ ಮಾಡುತ್ತಿರುತ್ತದೆ, ನಾವು ಅಡ್ಡ ಬರದಿದ್ದರೆ ಸಾಕು. ಒಂದು ದಿನ ಗಾಳಿ ಊದಿದೆ, ಅವನು ಕದಲಲಿಲ್ಲ. ನನಗೆ ಆದ ಖುಷಿಗೆ ಅವನ ಬೆನ್ನು ತಟ್ಟಿದೆ. ಅವನು ಕನ್ನಡಿ ಕೇಳಿದ, ನೋಡಿಕೊಂಡ, ತುಟಿ ಮುಚ್ಚಿಕೊಂಡ. ಕಂದು ಗೆರೆ ತಿಳಿಯಾಗಿತ್ತು, ಬಿಳಿ ಮಚ್ಚೆ ಹಾಗೇ ಇತ್ತು.

ಅದಾದ ಮೇಲೆ ಒಂದು ದಿನ ಒಬ್ಬ ಹುಡುಗಿ ಒಬ್ಬಳೇ ಬಂದಳು. ಚೂಡಿದಾರದ ದುಪಟ್ಟಾ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ಹಲ್ಲು ತೋರಿಸು ಅಂದರೆ ತೋರಿಸಿದಳು. ಸ್ವಚ್ಛ ಬಿಳಿ, ಒಂದೂ ಕೊರತೆಯಿಲ್ಲ. ಮಾತು ಹರಪನಹಳ್ಳಿ ಕಡೆಯದು.

"ನನ್ನ ಹಲ್ಲಿಗೆ ಏನಾಗಿಲ್ಲ ಮೇಡಂ. ಒಂದು ಕೇಳ್ಬೇಕಿತ್ತು. ಬೋರ್ ನೀರಿಂದ ಹಲ್ಲಿಗೆ ಕಲೆ ಆಗ್ತೈತಲ್ಲ, ಅದು ಮಕ್ಕಳಿಗೂ ಬರ್ತೈತಾ?"

ಯಾರೆಂದು ತಿಳಿಯಿತು. ನಾನು ಯಾರ ಹೆಸರೂ ಎತ್ತದೆ ನೀರಿನ ಮಾತಷ್ಟೇ ಆಡಿದೆ. ಅದು ರಕ್ತದಲ್ಲಿ ಬರುವುದಲ್ಲ, ನೀರಿನಲ್ಲಿ ಬರುವುದು. ಮಕ್ಕಳಿಗೆ ಹೊಳೆ ನೀರೋ ಶುದ್ಧ ಮಾಡಿದ ನೀರೋ ಕುಡಿಸಿದರೆ ಅವರ ಹಲ್ಲು ನಿನ್ನ ಹಲ್ಲಿನ ಹಾಗೇ ಇರುತ್ತದೆ. ಅದೇ ಬೋರ್ ನೀರು ಕುಡಿಸಿದರೆ ನಿನ್ನ ಮಕ್ಕಳಾದರೂ ಕಲೆ ಬರುತ್ತದೆ. ಅವಳು ತಲೆಯಾಡಿಸಿದಳು. ಏಳಲಿಲ್ಲ.

"ಇದು ನಮ್ಮಜ್ಜಿ ಚಿಂತೆ. ಅಕಿಗೆ ಹೇಳ್ತೀನಿ. ನಂದು ಬೇರೆ ಐತೆ," ಅಂದಳು. "ನಮ್ಮ ಹುಡುಗ ಇಲ್ಲಿಗೆ ಬರ್ತಾರಂತೆ, ಅವರ ದೊಡ್ಡವ್ವ ಫೋನಿನಾಗೆ ಬಾಯಿ ತಪ್ಪಿ ಅಂದ್ರು. ಹಲ್ಲು ನೋವಂತೆ. ಮೇಡಂ, ಅವರು ನನ್ನ ನೋಡಿ ಒಂದು ಸಾರಿನೂ ನಕ್ಕಿಲ್ಲ. ವಿಡಿಯೋ ಕಾಲ್ ಮಾಡಿದ್ರೆ ಬಾಯಿ ಮೇಲೆ ಕೈ. ನಾನೇನಾರ ತಮಾಷೆ ಮಾಡಿದ್ರೆ ಆ ಕಡೆ ಮುಖ. ಮನೆಯವರ ಬಲವಂತಕ್ಕೆ ಹ್ಞೂಂ ಅಂದಿದಾರೆ ಅಂತ ನನಗೆ ಖಾತ್ರಿ ಆಗೈತೆ. ಎಂಗೇಜ್‌ಮೆಂಟಿಗೆ ಮುಂಚೆ ನಾನೇ ಬೇಡ ಅಂದುಬಿಡಬೇಕು ಅಂತ ಮಾಡೀನಿ. ಅವರು ಇಲ್ಲಿ ಹೆಂಗಿರ್ತಾರೆ? ನಗ್ತಾರಾ?"

ನನ್ನ ನಾಲಿಗೆ ತುದಿಗೆ ಬಂದಿತ್ತು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆದರೆ ಕುರ್ಚಿಯಲ್ಲಿ ಕೂತವರು ನನ್ನನ್ನು ನಂಬಿ ತೆರೆದು ತೋರಿಸಿದ್ದನ್ನು ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹೇಳುವ ಹಾಗಿಲ್ಲ. ಹೇಳಿದರೆ ನಾಳೆಯಿಂದ ಈ ಊರಲ್ಲಿ ಯಾರೂ ನನ್ನ ಮುಂದೆ ಬಾಯಿ ತೆರೆಯುವುದಿಲ್ಲ. "ಅವರನ್ನಽ ಕೇಳವ್ವಾ," ಅಂದೆ.

"ಕೇಳಿದ್ರೆ ಏನಿಲ್ಲ ಅಂತಾರೆ."

"ಇನ್ನೊಮ್ಮಿ ಕೇಳು. ಇಷ್ಟು ಕಾದೀದಿ, ಇನ್ನೊಂದೀಟು ಕಾಯಿ."

ಅವಳಿಗೆ ಅದು ದೊಡ್ಡವರು ಸುಮ್ಮನೆ ಹೇಳುವ ಮಾತಿನ ಹಾಗೆ ಕೇಳಿರಬೇಕು. ಎದ್ದು, "ನಾನು ಬಂದಿದ್ದೆ ಅಂತ ಅವರಿಗೆ ಹೇಳ್ಬೇಡ್ರಿ," ಅಂದು ಹೋದಳು. ಈಗ ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಒಂದಕ್ಕೊಂದು ತಾಗಿಸಿದರೆ ಎರಡೂ ಕರಗಿ ಹೋಗುತ್ತವೆ, ತಾಗಿಸುವ ಹಕ್ಕು ನನಗಿಲ್ಲ. ಅವತ್ತಿನಷ್ಟು ಒಂಟಿತನ ನನಗೆ ಯಾವತ್ತೂ ಅನಿಸಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಆಗುವ ಒಂಟಿತನ ಬೇರೆ. ಇದು ಎಲ್ಲವೂ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿರಬೇಕಾದವಳದು.

ನಿಶ್ಚಿತಾರ್ಥ ಹತ್ತಿರ ಬಂದಾಗ ಅವನು ಮತ್ತೆ ಬಂದ. ಇವತ್ತು ಬೆಳ್ಳಗೆ ಮಾಡಲೇಬೇಕು ಅಂತ ಹಟ. ಪರೀಕ್ಷಿಸಿದೆ. ಎನಾಮೆಲ್ ಚೇತರಿಸಿಕೊಂಡಿತ್ತು, ಹೊಳಪು ಸಾಕಷ್ಟು ವಾಪಸ್ಸು ಬಂದಿತ್ತು. ಈಗ ತಿಳಿ ಔಷಧಿ ಹಾಕಿದರೆ ಹಲ್ಲು ತಡೆದುಕೊಳ್ಳಬಹುದಿತ್ತು, ಶಾಸ್ತ್ರದ ದಿನಕ್ಕೆ ಫೋಟೋದಲ್ಲಿ ಬಿಳುಪು ಕಾಣಬಹುದಿತ್ತು. ಹಾಕಿದ್ದರೆ ಅವನು ಖುಷಿಪಡುತ್ತಿದ್ದ. ವಾರ ಕಳೆದು ಬಣ್ಣ ಇಳಿಯುತ್ತಿತ್ತು, ತುಟಿ ಮತ್ತೆ ಮುಚ್ಚುತ್ತಿತ್ತು, ಮತ್ತೊಮ್ಮೆ ಬೆಳ್ಳಗೆ ಮಾಡಿ ಅನ್ನುತ್ತಿದ್ದ. ಒಮ್ಮೆ ಸವೆದ ಪದರದ ಮೇಲೆ ಎಷ್ಟು ಸಲ? ಜೆಲ್ ಸಿರಿಂಜು ಕೈಯಲ್ಲಿ ಹಿಡಿದಿದ್ದೆ. ಫ್ರಿಜ್ಜಿಗೆ ವಾಪಸ್ಸು ಇಟ್ಟೆ.

"ಇಲ್ಲ ತಮ್ಮಾ, ಮಾಡಂಗಿಲ್ಲ. ಕಟ್ಟಿಕೊಂಡಿದ್ದನ್ನ ನನ್ನ ಕೈಯಾರೆ ಮತ್ತ ಮೆತ್ತಗ ಮಾಡಲ್ಲ."

"ಹಂಗಾರ ಒಡಪು ಹೆಂಗ ಹೇಳ್ಲಿ?"

"ಹಿಂಗಽ ಹೇಳು. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಆ ಹುಡುಗಿ ಮುಂದ ಒಮ್ಮೆರ ನಕ್ಕೀ ಏನು?"

"ಬೆಳ್ಳಗಾದ ಮ್ಯಾಲ ನಗ್ತೀನ್ರಿ."

"ಅಲ್ಲೀಮಟ ಅಕಿ ಏನಂತ ತಿಳ್ಕಬೇಕು? ಬಾಯಾಗ ಕಲೆ ಐತಿ ಅಂತ ನಿನಗ ಗೊತ್ತು. ಅಕಿಗೆ ಕಾಣೋದು ಮುಚ್ಚಿದ ಬಾಯಿ ಅಷ್ಟಽ."

ಅದಕ್ಕಿಂತ ಮುಂದೆ ನಾನು ಹೋಗುವ ಹಾಗಿರಲಿಲ್ಲ. ಹೋಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. "ಹಲ್ಲಿನ ಡಾಕ್ಟ್ರು ಹಲ್ಲು ನೋಡ್ರಿ ಮೇಡಂ. ನಮ್ಮ ಮನಿ ವಿಷ್ಯ ನಿಮಗ್ಯಾಕ?" ಅಂದು, ಚಪ್ಪಲಿ ಮೆಟ್ಟಿ ಹೋದ. ಗಾಡಿ ಶುರುವಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ದಾವಣಗೆರೆಗೆ ಹೋಗುತ್ತಾನೆ, ಇನ್ನು ಬರುವುದಿಲ್ಲ ಅಂದುಕೊಂಡೆ. ನನ್ನ ಮಾತು ಅತಿಯಾಯಿತೇನೋ ಅಂತಲೂ ಅನಿಸಿತು.

ನಿಶ್ಚಿತಾರ್ಥದ ದಿನ ದವಾಖಾನೆಯಲ್ಲಿ ರೋಗಿಗಳು ಕಡಿಮೆ. ಒಬ್ಬ ಅಜ್ಜನ ಅಲುಗಾಡುವ ಹಲ್ಲು ಕಿತ್ತೆ. ಉಪಕರಣ ಕುದಿಸಿದೆ, ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಈಗ ಹೊಳೆ ದಂಡೆಯ ಮನೆಯಲ್ಲಿ ಏನು ನಡೆಯುತ್ತಿದೆಯೋ. ಅವಳು ಬೇಡ ಅಂದಳೋ, ಇವನು ಎದ್ದು ಬಂದನೋ. ನನಗೆ ಯಾರು ಹೇಳಬೇಕು? ಫೋನ್ ನೋಡಿದೆ, ದಂತ ವೈದ್ಯರ ಗುಂಪಿನಲ್ಲಿ ಯಾರೋ ಶುಭೋದಯ ಅಂತ ಕಳಿಸಿದ್ದರು. ಸಂಜೆಗೆ ಬಾಗಿಲು ಹಾಕಿ ಹಾಸಿಗೆಗೆ ಒರಗಿದಾಗ ಕಣ್ಣು ತುಂಬಿದವು. ನನ್ನದಲ್ಲದ ಮದುವೆಗೆ, ಕರೆಯದ ಮನೆಯ ಶಾಸ್ತ್ರಕ್ಕೆ ಇಷ್ಟು ತಲೆ ಕೆಡಿಸಿಕೊಂಡು ಕೂತಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೂ ಸುದ್ದಿ ಇಲ್ಲ. ಕೊನೆಗೊಂದು ಮುಂಜಾನೆ ಬಾಗಿಲ ಮುಂದೆ ಹೂವಿನ ಗಾಡಿ ನಿಂತಿತು. ಅವನು ಇಳಿದ. ಆ ಕಡೆಯ ಬಾಗಿಲಿನಿಂದ ಅವಳೂ ಇಳಿದಳು.

"ನಮಸ್ಕಾರ ಮೇಡಂ. ಇವರು ನಿಮ್ಮ ಬಗ್ಗೆ ಹೇಳ್ತಿದ್ರು," ಅಂದಳು, ನನ್ನನ್ನು ಇದೇ ಮೊದಲ ಸಲ ನೋಡುವವಳ ಹಾಗೆ.

"ಬಾರವ್ವಾ," ಅಂದೆ, ನಾನೂ ಇದೇ ಮೊದಲ ಸಲ ನೋಡುವವಳ ಹಾಗೆ.

ಅವನು ಕುರ್ಚಿಯಲ್ಲಿ ಕೂತ. ಪಕ್ಕದ ಸ್ಟೂಲಿನ ಮೇಲೆ ಅವಳು. ಯಾಕೆ ಬಂದಿರಿ ಅಂದೆ.

"ಇನ್ನ ಮ್ಯಾಲ ಬೆಳ್ಳಗ ಮಾಡೋದು ಬ್ಯಾಡ್ರಿ. ಜುಮ್ ಅನ್ನದಂಗ ಇಟ್ಕಳ್ಳಾಕ ಏನ್ ಮಾಡ್ಬೇಕು ಅಷ್ಟ ಹೇಳ್ರಿ," ಅಂದ. ಆಮೇಲೆ ನೆಲ ನೋಡುತ್ತಾ, "ಅವತ್ತು ನಿಮ್ಮ ಮ್ಯಾಲ ಸಿಟ್ಟಾಗಿ ಹ್ವಾದೆ. ಗಾಡ್ಯಾಗ ಕುಂತು ವಿಚಾರ ಮಾಡಿದೆ. ಬಾಯಿಲೆ ಹೇಳಾಕ ಆಗ್ಲಿಲ್ಲ. ಹಲ್ಲು ಕಿಸದು ಒಂದು ಫೋಟೋ ತಗದು ಅಕಿಗೆ ಕಳಿಸಿಬಿಟ್ಟೆ. ಇವೇ ನೋಡು ನನ್ನ ಹಲ್ಲು, ಇದಕ್ಕಽ ನಗಲ್ಲ, ಬ್ಯಾಡ ಅಂದ್ರ ಈಗಽ ಅಂದುಬಿಡು ಅಂತ ಬರದೆ," ಅಂದ.

"ನೋಡ್ರಿ ಮೇಡಂ," ಅಂದಳು ಅವಳು. "ಹೂವಿನ ಗಾಡಿ ಓಡಿಸೋರು. ಒಂದು ದಿನ ಹೂವಿನ ಫೋಟೋ ಕಳಿಸ್ಲಿಲ್ಲ. ಮೊದಲ್ನೇ ಫೋಟೋ ಅಂತ ಕಳಿಸಿದ್ದು ದವಡೆಯಿಂದ ದವಡೆ ಮಟ ಹಲ್ಲು! ಮತ್ತೆ ಎಂಗೇಜ್‌ಮೆಂಟಿನಾಗೆ ಒಡಪು ಪೂರ್ತಿ ಮರೆತು ಬರೇ ನನ್ನ ಹೆಸರು ಒದರಿದ್ರು. ಹೊಳೆ ಆಚೆ ದಂಡೆಗೂ ಕೇಳಿರ್ಬೇಕು. ಕಿವಿ ಕೇಳದ ನಮ್ಮಜ್ಜಿನೂ ಬೆಚ್ಚಿಬಿದ್ಲು."

ಅವನು ನಕ್ಕ. ಕೈ ಅಡ್ಡ ತರಲಿಲ್ಲ, ತುಟಿ ಎಳೆದುಕೊಳ್ಳಲಿಲ್ಲ, ತಲೆ ಹಿಂದಕ್ಕೆ ಹಾಕಿ ಗಹಗಹಿಸಿ ನಕ್ಕ. ಅಷ್ಟು ದಿನ ಚೌಕಟ್ಟು ಹಾಕಿ, ತುಟಿ ಎತ್ತಿ, ದೀಪ ಹಿಡಿದು ನೋಡಿದ್ದ ಹಲ್ಲುಗಳು ಅವು. ತಾನಾಗಿ ತೆರೆದ ಬಾಯಲ್ಲಿ ಅವನ್ನು ನಾನು ನೋಡಿದ್ದು ಅದೇ ಮೊದಲು. ಬಿಳಿ ಮಚ್ಚೆ ಇತ್ತು, ತಿಳಿಯಾದ ಕಂದು ಗೆರೆ ಇತ್ತು, ಎಡಗಡೆಯ ಒಂದರ ಅಂಚು ಸ್ವಲ್ಪ ಸವೆದಿತ್ತು. ಅವಳು ಅವನ ಮುಖ ನೋಡುತ್ತಾ ನಗುತ್ತಿದ್ದಳು. ಹಲ್ಲು ನೋಡುತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.